ಗಂಡಸುತನದ ತಜ್ಞರು

ಪ್ರೊಫೆಸರ್ ಯಜ್ಞನಾರಾಯಣರಿಗೆ ಬಾಯಾರಿದರೆ ಹೆಂಡತಿ ಜಲಜಾ ಅಡುಗೆಮನೆಯಿಂದ ಓಡಿಬರಬೇಕು. ನೀರಿನ ಲೋಟ ಕೈಗೆಟುಕುವ ಮೇಜಿನ ಮೇಲೇ ಇದ್ದರೂ ಸರಿ. ಇಂಥವರು ಗಂಡಸುತನದ ಬಗ್ಗೆ ಸಂಶೋಧನೆ ಮಾಡುತ್ತಾರೆಂದು ನೆನೆದಾಗಲೆಲ್ಲ ಆಶ್ರಿತಾಳಿಗೆ ಒಳಗೊಳಗೇ ನಗು. ಆದರೆ ೧೯೯೮ರಲ್ಲಿ, ಎಂ.ಎ. ಮುಗಿಸಿ ಮನೆಯಲ್ಲಿ ಕೂತಿದ್ದವಳಿಗೆ ಸಿಕ್ಕಿದ್ದು ಇಂದಿರಾನಗರದ ಅವರ ಮನೆಯಲ್ಲಿ ಸಹಾಯಕಿಯ ಕೆಲಸವೇ. ಬೆಂಗಳೂರಿನಲ್ಲಿ ಓದುವ ಆಫ್ರಿಕಾದ ಹುಡುಗರು, ಅವರ ಜನಾಂಗ, ಅವರ ಪೌರುಷ ಎಂಬುದು ವಿಷಯ. ಹುಡುಗರನ್ನು ಮಾತಾಡಿಸಿ ಟೇಪ್ ಮಾಡುವುದು ಅವಳ ಪಾಲು. ಅವರು ಎಂಥವರೆಂದು ಹೇಳುವುದು ಪ್ರೊಫೆಸರರ ಪಾಲು.

ಅಮೀರ್ ಸುಡಾನಿನವನು. ಫಾರ್ಮಸಿ ಓದುತ್ತ, ಲಿಂಗರಾಜಪುರದ ಗಂಗಲಕ್ಷ್ಮಮ್ಮನವರ ಮನೆಯಲ್ಲಿ ಮಹಡಿಯ ಕೋಣೆ ಹಿಡಿದಿದ್ದ. ಆಶ್ರಿತಾ ಹೋದಾಗ ಅವನು ಕೆಳಗಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಿದ್ದ ಮುದುಕಿ ಹಜಾರದ ಮಂಚದ ಮೇಲಿದ್ದರು.

"ಅಜ್ಜಿ, ಕಾಲು ಕೆಳಗ್ ಇಡ್ಬೇಡಿ!" ಎಂದು ಕನ್ನಡದಲ್ಲೇ ಗದರಿದ.

"ನೋಡಮ್ಮ, ನನ್ ಮಗ ಕೂಡ ಹಿಂಗ್ ವಿಚಾರಿಸ್ಕೊಳಲ್ಲ," ಎಂದರು ಗಂಗಲಕ್ಷ್ಮಮ್ಮ.

ಅಮೀರ್ ಟೇಪಿಗೆ ಎಲ್ಲ ಹೇಳಿದ. ಮೊದಲ ಸಲ ಎಸ್‌ಟಿಡಿ ಬೂತಿನಲ್ಲಿ ಅಮ್ಮನ ದನಿ ಕೇಳಿ ಅತ್ತದ್ದು. ಬೀದಿನಾಯಿಗಳಿಗೆ ಹೆದರಿ ಸುತ್ತುಬಳಸಿ ಬರುವುದು. ಬಸ್ಸಿನಲ್ಲಿ ಅವನ ಪಕ್ಕ ಜಾಗವಿದ್ದರೂ ಜನ ನಿಂತೇ ಹೋಗುತ್ತಾರಂತೆ. ಅದನ್ನು ಹೇಳುವಾಗ ಮಾತ್ರ ಅವನು ಈರುಳ್ಳಿಯಿಂದ ತಲೆಯೆತ್ತಲಿಲ್ಲ.

ಟೇಪು ಕೇಳಿ ಪ್ರೊಫೆಸರರು ಮುಖ ಕಿವುಚಿದರು. "ಈ ಅಳೋದು, ಅಡುಗೆ ಎಲ್ಲ ಬಿಟ್ಬಿಡಮ್ಮ. ಹೆಣ್ಣು ಎದುರಿಗೆ ಕೂತಿದಾಳೆ ಅಂತ ಸಾಧು ವೇಷ. ಸಿಟ್ಟು ಬರುತ್ತಾ ಅಂತ ಕೇಳಿದ್ಯಾ?"

"ಅಷ್ಟು ಬರಲ್ಲ ಅಂದ, ಸರ್."

"ಅದುಮಿಟ್ಕೊಂಡಿದಾನೆ. ಹಾಗಂತ ಬರ್ಕೋ."

"ಬರುತ್ತೆ ಅಂದಿದ್ರೆ?"

"ಒಪ್ಕೊಂಡ ಅಂತ ಬರೀತಿದ್ವಿ."

ಇಷ್ಟನ್ನು ಅವರು ನಗದೆ ಹೇಳಿದರು. ದಡ್ಡರನ್ನು ಕಂಡರೆ ಆಶ್ರಿತಾಳಿಗೆ ಕನಿಕರವಿತ್ತು. ಓದಿ ಓದಿ ದಡ್ಡರಾದವರ ಬಗ್ಗೆ ಅದೂ ಉಳಿಯಲಿಲ್ಲ.

ಮುಂದಿನ ವಾರ ಪ್ರೊಫೆಸರರು ತಾವೇ ಕ್ಯಾಮೆರಾ ಹಿಡಿದು ಆಶ್ರಿತಾಳ ಜೊತೆ ಲಿಂಗರಾಜಪುರಕ್ಕೆ ಬಂದರು. ಚಹಾ ಕೊಟ್ಟರೆ ಲೋಟದ ಅಂಚನ್ನು ಕರವಸ್ತ್ರದಿಂದ ಒರೆಸಿ, ಕುಡಿಯದೆ ಕೆಳಗಿಟ್ಟರು. ಅಮೀರನನ್ನು ತಾರಸಿಯ ಬಿಸಿಲಿಗೆ ನಿಲ್ಲಿಸಿ, ಕೈ ಕಟ್ಟಿಕೋ ಎಂದರು, ನಗಬೇಡ ಎಂದರು. ಅವನು ಕಣ್ಣು ಕಿರಿದು ಮಾಡಿ ನಿಂತ. ತಜ್ಞರಿಗೆ ಬೇಕಾದ ಮುಖ ಸಿಕ್ಕಿತು.

ವಿಚಾರಸಂಕಿರಣದಲ್ಲಿ ಆ ಮುಖ ಗೋಡೆಯಷ್ಟು ದೊಡ್ಡದಾಗಿ ಪರದೆಯ ಮೇಲೆ ಬಂತು. "ಈ ನೋಟದಲ್ಲಿರುವ ಆಕ್ರಮಣಶೀಲತೆಯನ್ನು ಗಮನಿಸಿ," ಎಂದು ಪ್ರೊಫೆಸರರು ಕೋಲಿನಿಂದ ಹುಬ್ಬು ತೋರಿಸಿದರು. ಮುಂದಿನ ಸಾಲಿನ ಹಿರಿಯರು ತಲೆದೂಗಿದರು.

ಆಶ್ರಿತಾ ಎದ್ದು ನಿಂತಳು. "ಸರ್, ಅದು ಬಿಸಿಲು. ನಗಬೇಡ ಅಂತ ನೀವೇ ಹೇಳಿದ್ರಿ. ನಾನು ಪಕ್ಕದಲ್ಲೇ ಇದ್ದೆ."

ಯಾರೋ ಕಿಸಕ್ಕನೆ ನಕ್ಕರು. ಪ್ರೊಫೆಸರರು ಸಿಟ್ಟಾಗಲಿಲ್ಲ, ಮುಗುಳ್ನಕ್ಕರು. "ನಮ್ಮ ಸಹಾಯಕಿ ಆ ಮನೆಗೆ ಸ್ವಲ್ಪ ಹೆಚ್ಚೇ ಹೋಗಿಬರ್ತಿದ್ರು. ಇಂಥ ಕಡೆ ಹುಡುಗೀರಿಗೆ ಮನಸ್ಸು ಜಾರೋದು ಸಹಜ."

ಈ ಸಲ ಸಭೆಯೆಲ್ಲ ನಕ್ಕಿತು. ಇಷ್ಟೂ ವಿದ್ಯಾವಂತ ಗಂಡಸರ ನಗುವನ್ನು ಆಶ್ರಿತಾ ನಿಂತೇ ನೋಡಿದಳು. ಬೀಡಿ ಅಂಗಡಿಯ ಮುಂದೆ ನಿಂತು ಶಿಳ್ಳೆ ಹೊಡೆಯುವವರಿಗೂ ಇವರಿಗೂ ಇದ್ದ ವ್ಯತ್ಯಾಸ ಒಂದು ಕೋಟು. ಅವಳು ಹೊರನಡೆದಳು, ಮತ್ತೆ ಕೆಲಸಕ್ಕೆ ಹೋಗಲಿಲ್ಲ.

ಭಾಷಣದ ಸಾರಾಂಶ ಪತ್ರಿಕೆಯೊಂದರಲ್ಲಿ ಬಂತು, ಫೋಟೋ ಸಮೇತ. ಬೀದಿಯವರು ಅದನ್ನು ಹಿಡಿದುಕೊಂಡು ಗಂಗಲಕ್ಷ್ಮಮ್ಮನವರ ಮಗನ ಹತ್ತಿರ ಹೋದರು. ಅವ್ವನ ಮುರಿದ ಕಾಲು ನೋಡಲು ಬಾರದಿದ್ದ ಮಗ, ಬಾಡಿಗೆಯವನಿಂದ ಕೋಣೆ ಬಿಡಿಸಲು ಮಾತ್ರ ಅಂದೇ ಬಂದ.

ಆಶ್ರಿತಾ ಅಮೀರನಿಗೆ ಬೆನ್ಸನ್ ಟೌನಿನಲ್ಲಿ ಪರಿಚಯದವರ ಔಟ್‌ಹೌಸ್ ಹುಡುಕಿಕೊಟ್ಟಳು. ಹೊರಡುವಾಗ ಮುದುಕಿ ಅಮೀರನ ಕೈ ಬಿಡಲಿಲ್ಲ. "ನನ್ ಮಾತು ನಡಿಯಲ್ವಲ್ಲಪ್ಪ..."

"ಗೊತ್ತು ಅಜ್ಜಿ. ಮಾತ್ರೆ ಮರೀಬೇಡಿ."

ಆಟೋದಲ್ಲಿ ಅವನು ಟ್ರಂಕನ್ನು ಮೊಣಕಾಲಿನ ನಡುವೆ ಹಿಡಿದು ಕೂತ. ಅವನು ಕೂಗಾಡಲಿ, ಯಾರನ್ನಾದರೂ ಬಯ್ಯಲಿ ಎಂದು ಆಶ್ರಿತಾ ಕಾದಳು.

"ಏನಾದ್ರೂ ಮಾತಾಡು," ಎಂದಳು ಕೊನೆಗೆ.

"ಇವತ್ತು ನಿಜವಾಗ್ಲೂ ಸಿಟ್ಟು ಬಂದಿದೆ," ಎಂದ ಅಮೀರ್ ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ. "ಬೀದಿಯಲ್ಲಿ ತೋರಿಸಿದ್ರೆ ಪ್ರೊಫೆಸರ್ ಬರೆದದ್ದೇ ಸರಿ ಅಂತಾರೆ ಜನ. ಸಿಟ್ಟಿಗೂ ನನಗೆ ಜಾಗ ಬಿಟ್ಟಿಲ್ಲ."

ಆಮೇಲೆ ಅವನು ಕಿಟಕಿಯಿಲ್ಲದ ಆ ಔಟ್‌ಹೌಸಿನಲ್ಲೇ ಓದಿ ಪಾಸಾಗಿ ಊರಿಗೆ ಹೋದ. ಪ್ರೊಫೆಸರರ ಪುಸ್ತಕ ಅಚ್ಚಾಯಿತು, ಹಾರ ಬಿತ್ತು, ಎರಡನೇ ಮುದ್ರಣವೂ ಬಂತು. ಕೆ.ಆರ್. ಪುರದ ಶಾಲೆಯೊಂದರಲ್ಲಿ ಮೇಡಂ ಆದ ಆಶ್ರಿತಾ ಒಮ್ಮೆ ಹಲಸೂರಿನ ಮಾರುಕಟ್ಟೆಯಲ್ಲಿ ಅವರಿಗೆ ಎದುರಾದಳು.

"ಚೆನ್ನಾಗಿದೀಯೇನಮ್ಮ?" ಎಂದರು, ಅವಳ ನಮಸ್ಕಾರಕ್ಕೆ ಕಾಯುತ್ತ ನಿಂತು.

ಆಶ್ರಿತಾ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಸೊಪ್ಪಿನವಳ ಕಡೆ ತಿರುಗಿ ಮೆಂತ್ಯದ ಬೆಲೆ ಕೇಳಿದಳು.