ತಂಗಿಗೆ ತಂದ ಸೀರೆ

ಮೀನಾ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ರಾಮದುರ್ಗದ ಬೀಗತಿ ರಾಮವ್ವ ಮೀನಾಳ ಗಂಡನಾಗಿದ್ದ ಮಗ ಸಂಜುವನ್ನು ಕರೆದುಕೊಂಡು, ಹಸಿರು ಸೀರೆ ಹಿಡಿದು ಸೊಸೆಯ ತವರು ನೇಸರಗಿಗೆ ಬಂದೇಬಿಟ್ಟಳು. ಅಕ್ಕ ಹೋದರೆ ತಂಗಿಯನ್ನು ಅದೇ ಮನೆಗೆ ಕೊಟ್ಟು ಸಂಬಂಧ ಉಳಿಸಿಕೊಳ್ಳುವುದು ಹಿಂದಿನಿಂದ ಬಂದ ರೂಢಿ. ತಂಗಿ ಶೈಲಜಾ ಒಂಬತ್ತನೆಯ ಇಯತ್ತೆಯ ಹುಡುಗಿ. ಆದರೇನು, ರೂಢಿಗೆ ವಯಸ್ಸು ಕೇಳುವ ಅಭ್ಯಾಸ ಎಲ್ಲಿದೆ!

ಮೀನಾ ಸತ್ತದ್ದು ಟೀಬಿಯಿಂದ ಎಂದು ಊರಿಗೆಲ್ಲ ಹೇಳಿಯಾಗಿತ್ತು. ಟಿವಿಯಲ್ಲಿ ಏಡ್ಸ್ ಜಾಹೀರಾತು ಬಂದರೆ ಅಪ್ಪ ಮಡಿವಾಳೆಪ್ಪ ಎದ್ದು ಬಂದ್ ಮಾಡುತ್ತಿದ್ದ. ನಿಜ ಸಂಗತಿ ತಾಯಿ ಗುರುಬಸವ್ವನ ಹೊಟ್ಟೆಯೊಳಗಿತ್ತು. ಒಮ್ಮೆ ಮೀನಾ ಬೆನ್ನ ತುಂಬ ಬಾಸುಂಡೆ ಹೊತ್ತು ಬಂದು ಅತ್ತಿದ್ದಳು: "ಅವಗ ಆ ರೋಗ ಐತೆವ್ವಾ. ಡಾಕ್ಟರ ಹೇಳ್ಯಾರ. ಒಲ್ಲೆ ಅಂದ್ರ ಬಡೀತಾನ. ನಾ ಹೋಗೂದಿಲ್ಲ."

ಗುರುಬಸವ್ವ ಬೆನ್ನಿಗೆ ಎಣ್ಣೆ ಹಚ್ಚಿದಳು. ಬೆಳಗಾದೊಡನೆ ಬಸ್ಸೂ ಹತ್ತಿಸಿದಳು. "ನೀ ಗಂಡನ್ನ ಬಿಟ್ಟು ಬಂದ ಕುಂತ್ರ ತಂಗಿನ್ನ ಯಾರ ಮಾಡ್ಕೋತಾರ?" ಎಂದಿದ್ದಳು, ಹಡೆದ ತಾಯಿ! ಈಗ ಆ ತಂಗಿಗೇ ಅದೇ ಗಂಡು. ನೆನೆದರೆ ಗುರುಬಸವ್ವನಿಗೆ ತನ್ನ ಮುಖ ತನಗೇ ಬೇಡವಾಗುತ್ತಿತ್ತು. ಹಾಗಿದ್ದೂ ಬಾಯಿ ತೆರೆಯಲಿಲ್ಲ. ಮಗಳು ಎಂಥ ರೋಗದಿಂದ ಸತ್ತಳೆಂದು ಊರು ಆಡಿಕೊಳ್ಳುತ್ತದಲ್ಲ ಎಂಬ ಅಂಜಿಕೆ.

ಓಣಿಯ ಹಿರಿಯರು ಬಂದು ಕುಳಿತರು. ಶೈಲಜಾಳನ್ನು ಮಣೆಯ ಮೇಲೆ ಕೂಡಿಸಿದರು. ರಾಮವ್ವ ಸೀರೆ, ಕೊಬ್ಬರಿ ಬಟ್ಟಲು ಎತ್ತಿಕೊಂಡು ಉಡಿ ತುಂಬಲು ಬಗ್ಗಿದಳು. ಹುಡುಗಿ ಉಡಿ ಒಡ್ಡಲಿಲ್ಲ.

"ಮೊದಲ ಸಂಜು ಮಾಮಾ ಬೈಲಹೊಂಗಲದಾಗ ರಕ್ತಾ ತಪಾಸ ಮಾಡಿಸ್ಲಿ," ಎಂದಳು. "ಅಕ್ಕನ್ನ ಕೊಂದ ರೋಗ ನನಗ ಬ್ಯಾಡ."

ಸಂಜು ನೆಲ ನೋಡಿದ. ಗಂಡಸರ ಮುಂದೆ ಇಂಥ ಮಾತೇ! ಗುರುಬಸವ್ವ ನಾಚಿಕೆಯಿಂದ ಕುಗ್ಗಿಹೋದಳು. ಕೈ ತಾನಾಗಿ ಎದ್ದು ಹುಡುಗಿಯ ಕೆನ್ನೆಗೆ ಬಿತ್ತು.

"ಹಾಂಗ ಹಾಕು ಇನ್ನೊಂದು!" ಎಂದಳು ರಾಮವ್ವ. "ಹುಡುಗಿ ಸುಳ್ಳ ಬೊಗಳಾಕತ್ತಾಳ ಅಂತ ನೀನ ಹೇಳ ಯಕ್ಕಾ. ನಾಕ ಮಂದಿ ಕೇಳ್ಲಿ."

ಎಲ್ಲರೂ ಗುರುಬಸವ್ವನತ್ತ ತಿರುಗಿದರು. ಹೌದು ಎಂದು ತಲೆ ಆಡಿಸಿದರೆ ಸಾಕಿತ್ತು, ಮನೆಯ ಮರ್ಯಾದೆ ಉಳಿಯುತ್ತಿತ್ತು. ಹುಡುಗಿ ಕೆನ್ನೆ ಹಿಡಿದುಕೊಂಡು ತಾಯಿಯನ್ನೇ ನೋಡುತ್ತಿದ್ದಳು.

"ಆಕಿ ಹೇಳೂದು ಖರೇನ ಐತಿ," ಎಂದಳು ಗುರುಬಸವ್ವ. "ಮೀನಾ ಬದುಕಿದ್ದಾಗ ನನ್ನ ಮುಂದ ಹೇಳಿದ್ಲು. ನಿಮ್ಮ ಸೀರಿ ತಗೊಂಡ ನಡೀರಿ. ಈಕಿನ್ನ ಕೊಡೂದಿಲ್ಲ."

ರಾಮವ್ವ ಶಾಪ ಹಾಕುತ್ತ ಮಗನನ್ನು ಎಬ್ಬಿಸಿಕೊಂಡು ಹೋದಳು. ಹಿರಿಯರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿದರು. ಮಡಿವಾಳೆಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡು ಕುಳಿತ. ಗುರುಬಸವ್ವ ಮಗಳ ಕೆನ್ನೆ ಸವರಲು ಹೋದಳು. ಶೈಲಜಾ ಹಿಂದೆ ಸರಿದಳು.

"ಅಕ್ಕ ನನಗಷ್ಟ ಹೇಳ್ಯಾಳ ಅಂತ ಮಾಡಿದ್ದೆ," ಎಂದಳು. "ನಿನಗ ಗೊತ್ತಿದ್ರ ಆಕಿನ್ನ ಬಸ್ ಹತ್ತಿಸ್ತಿದ್ದಿಲ್ಲ ಅಂತ ಇಷ್ಟ ದಿನಾ ತಿಳಕೊಂಡಿದ್ನೆವ್ವಾ."