ಐದನೇ ಹಾಡಿನಲ್ಲಿ ಬರುವ ಸದ್ದು

"ಇಲ್ಲಿ ಕೇಳಿ ಅಪ್ಪಾಜಿ," ಎಂದು ನಯನಾ ಫೋನನ್ನು ನೀರಿನ ಲೋಟಕ್ಕೆ ಒರಗಿಸಿ ತನ್ನ ಹಾಡುಗಳ ವಿಮರ್ಶೆ ಓದಿದಳು. "'ಐದನೇ ಹಾಡಿನಲ್ಲಿ ಬರುವ ಏಣಿ ನಮ್ಮ ಸಮಾಜದ ಮೇಲು ಕೀಳುಗಳನ್ನು ಸೂಚಿಸುತ್ತದೆ.'"

ಗಂಗಾಧರಪ್ಪನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಸಮಾಜಾನಾ? ಅದು ನಮ್ಮನೆ ಅಟ್ಟದ ಏಣಿ ಅಲ್ವೇನವ್ವಾ? ಮೇಲಿನ ಎರಡು ಮೆಟ್ಲು ಸಡ್ಲ ಆಗೈತೆ, ಕಟ್ಟಿಸ್ಬೇಕು ಅಂತ ನಾನು ಹೇಳ್ತಾನೇ ಇದೀನಿ. ಅದನ್ನೂ ಬರ್ದವ್ರೇನು ನೋಡು."

"ಸುಮ್ನೆ ತಿನ್ರೀ," ಎಂದು ಸುವರ್ಣಮ್ಮ ನಕ್ಕು ಅವರ ತಟ್ಟೆಗೆ ಇನ್ನಷ್ಟು ಹುಚ್ಚೆಳ್ಳು ಚಟ್ನಿ ಹಾಕಿದರು.

ಹಾಡುಗಳು ಹೊರಬಂದು ಒಂಬತ್ತು ದಿನವಾಗಿತ್ತು. ಒಟ್ಟು ಏಳು. ಅರಸೀಕೆರೆಯ ಶಾಲೆಯೊಂದರಲ್ಲಿ ಸಂಗೀತ ಕಲಿಸುವ ನಯನಾ ತಾನೇ ಬರೆದು, ತಾನೇ ಗಿಟಾರು ನುಡಿಸಿ ಹಾಡಿದ್ದಳು. ಜೊತೆಯಲ್ಲಿ ಕಲಿಸುವ ಮಧುಕುಮಾರ್ ಮೈಕು ತಂದು ಮನೆಯ ಅಟ್ಟದ ಮೇಲೆಯೇ ಧ್ವನಿಮುದ್ರಣ ಮಾಡಿಕೊಟ್ಟಿದ್ದ. ಅಲ್ಲಿಗೆ ರೈಲಿನ ಸದ್ದೂ ಲಾರಿಯ ಸದ್ದೂ ಅಷ್ಟಾಗಿ ಬರುವುದಿಲ್ಲ. ಬಸ್ತಿಹಳ್ಳಿಯ ಬಸದಿಯ ಕನ್ನಡಿಯಂತೆ ಹೊಳೆಯುವ ಕಂಬದಲ್ಲಿ ಮಸುಕಾಗಿ ಮೂಡಿದ ಅವಳ ಮುಖವೇ ಮುಖಪುಟದ ಚಿತ್ರ. ಸುವರ್ಣಮ್ಮ ಮೊದಲ ನಾಲ್ಕು ಹಾಡು ಕೇಳಿದ್ದರು. ನಗುವ ಹುಡುಗಿ ಇಷ್ಟು ದುಃಖವನ್ನು ಎಲ್ಲಿಟ್ಟುಕೊಂಡಿದ್ದಳೋ ಎಂದು ಬೆರಗಾಗಿದ್ದರು. ಐದನೆಯದರ ಹೆಸರು 'ಏಣಿ' ಎಂದಿತ್ತು. ಅಲ್ಲಿಗೆ ಫೋನು ಕೆಳಗಿಟ್ಟವರು ಮತ್ತೆ ಮುಟ್ಟಿರಲಿಲ್ಲ.

"ಎಲ್ಲರೂ ಆ ಸದ್ದನ್ನೇ ಹೊಗಳ್ತಾರೆ," ಎಂದಳು ನಯನಾ. "'ಹಾಡಿನ ನಡುವೆ ಮೂರು ಸಲ ಬಡಿಯುವ ಸದ್ದು ಮೈ ನಡುಗಿಸುತ್ತದೆ' ಅಂತ ಒಬ್ಬರು. 'ಒಣಗಿದ ತೆಂಗಿನಕಾಯನ್ನೇ ವಾದ್ಯ ಮಾಡಿಕೊಂಡ ಜಾಣ್ಮೆ' ಅಂತ ಇನ್ನೊಬ್ಬರು. ನಾನು ಏನೂ ಬಡೀಲಿಲ್ಲ. ಮಧು ಸೇರಿಸಿರ್ಬೇಕು ಅಂತ ನಾನು, ನೀನೇ ಬಡ್ದಿದ್ದು ಅಂತ ಅವನು."

"ಕಾಯೊಳ್ಗೆ ಕೊಬ್ರಿ ಅಲ್ಲಾಡಿರ್ತದೆ ಬಿಡು."

"ಕಾಯಿ ಎಲ್ಲಿತ್ತು ಅಪ್ಪಾಜಿ? ರೆಕಾರ್ಡಿಂಗ್‌ಗಿಂತ ಹಿಂದಿನ ವಾರಾನೇ ಎಲ್ಲಾ ಇಳಿಸಿ ಮಂಡಿಗೆ ಹಾಕಿದ್ರಲ್ಲ. ಅಟ್ಟ ಖಾಲಿ ಇತ್ತು."

"ಹಂಗಾರೆ ಇಲಿ," ಎಂದು ಗಂಗಾಧರಪ್ಪನವರು ಕೈ ತೊಳೆದುಕೊಂಡು ಮಂಡಿಗೆ ಹೊರಟರು.

ಅವರು ಹೋದ ಮೇಲೆ ನಯನಾ ಕೊನೆಯದೊಂದನ್ನು ತೆಗೆದಳು. ವಾರಪತ್ರಿಕೆಯಲ್ಲಿ ಉಷಾರಾಣಿ ಎಂಬವರು ಬರೆದದ್ದು. ಅದನ್ನು ತಂದೆಯ ಮುಂದೆ ಓದಿರಲಿಲ್ಲ. "'ಕಂಠ ಚೆನ್ನಾಗಿದೆ. ಆದರೆ ಏಣಿ ಹಿಡಿದುಕೋ ಎಂದು ತಾಯಿ ಹೇಳಿದ್ದ ಮಗು ಐಸ್‌ಕ್ಯಾಂಡಿ ಗಾಡಿಯ ಹಿಂದೆ ಓಡಿತು, ತಾಯಿ ಬಿದ್ದು ಸತ್ತಳು ಎಂಬ ಕಥೆ ಕಣ್ಣೀರಿಗೆಂದೇ ಕಟ್ಟಿದ್ದು. ನಂಬಿಕೆ ಬರುವುದಿಲ್ಲ.'"

ಫೋನನ್ನು ಬೋರಲು ಹಾಕಿದಳು. "ಕಟ್ಟಿದ್ದಲ್ಲ ಚಿಕ್ಕಮ್ಮ. ನಿಂಗೂ ಹೇಳಿರ್ಲಿಲ್ಲ. ಆರು ವರ್ಷ ನಂಗೆ. ಅಮ್ಮ ಹಿಡ್ಕೋ ಅಂದಿದ್ಲು, ನಾನು ಬಿಟ್ಟು ಓಡಿದೆ. ವಾಪಸ್ ಬಂದಾಗ ಅವಳು ಕೆಳಗಿದ್ಲು. ಏಣಿ ಮಾತ್ರ ಹಂಗೇ ನಿಂತಿತ್ತು."

ಸುವರ್ಣಮ್ಮನಿಗೆ ಐಸ್‌ಕ್ಯಾಂಡಿ ಮುಟ್ಟದ ಮಗು ನೆನಪಾಯಿತು. ಬೇಸಿಗೆಯಲ್ಲಿ ಎಲ್ಲ ಮಕ್ಕಳೂ ಗಾಡಿಯ ಸುತ್ತ ಮುಗಿಬಿದ್ದರೆ ಇವಳೊಬ್ಬಳು ಒಳಗೆ ಓಡಿಬಂದು ತಮ್ಮ ಸೆರಗು ಹಿಡಿಯುತ್ತಿದ್ದಳು. ಗಂಟಲಿನ ಮೇಲೆ ಎಷ್ಟು ಜೋಪಾನ ಎಂದು ತಾವು ಊರಿಗೆಲ್ಲ ಹೇಳಿಕೊಂಡು ಹಿಗ್ಗಿದ್ದರು.

"ಕೊಡು, ಕೇಳ್ತೀನಿ," ಎಂದರು.

ನಯನಾ ಅವರ ನರೆಗೂದಲನ್ನು ಹಿಂದೆ ಸರಿಸಿ ತಾನೇ ಇಯರ್‌ಫೋನು ಇಟ್ಟಳು. ಹಾಡು ಮೆಲ್ಲಗೆ ಶುರುವಾಯಿತು. ಎರಡನೇ ಚರಣ ಮುಗಿದು ಗಿಟಾರು ನಿಂತ ಕಡೆ ಅದು ಬಂತು. ಟಕ್, ಟಕ್, ಟಕ್. ತುಸು ತಡೆದು ಮತ್ತೆ ಮೂರು.

ಅದು ಇಲಿಯಲ್ಲ. ಅಟ್ಟದ ಮೇಲೆ ಕಾಯಿ ಆರಿಸುತ್ತ ಕೂತ ನಯನಾಳ ತಾಯಿ ಮೀನಾಕ್ಷಕ್ಕ ಕೆಳಗೆ ಏಣಿ ಕಾಣದಿದ್ದರೆ ಕೂಗುತ್ತಿರಲಿಲ್ಲ. ಒಣಕಾಯಿ ತೆಗೆದುಕೊಂಡು ಹಲಗೆಗೆ ಮೂರು ಸಲ ಬಡಿಯುತ್ತಿದ್ದಳು. ಇಪ್ಪತ್ತೆರಡು ವರ್ಷದ ಹಿಂದೆ, ಅಕ್ಕನ ಮನೆಗೆಂದು ನಾಲ್ಕು ದಿನಕ್ಕೆ ಬಂದಿದ್ದ ಸುವರ್ಣ ನುಗ್ಗೆಕಾಯಿ ಕೀಳಲು ಏಣಿಯನ್ನು ಹಿತ್ತಿಲಿಗೆ ಒಯ್ದಿದ್ದಳು. ಮೂರು ಸಲ ಬಡಿದದ್ದು ಕೇಳಿತ್ತು. "ಇರಕ್ಕಾ, ಇನ್ನೆರಡೇ," ಎಂದು ಅಲ್ಲಿಂದಲೇ ಕೂಗಿದ್ದಳು. ಮತ್ತೆ ಮೂರು ಸಲ. ಆಮೇಲೆ ಬಡಿಯುವುದು ನಿಂತಿತು. ಏಣಿ ಹೊತ್ತು ಒಳಗೆ ಬಂದಾಗ ಅಕ್ಕ ನೆಲದ ಮೇಲಿದ್ದಳು. ಯಾರೂ ಇನ್ನೂ ಬಂದಿರಲಿಲ್ಲ. ಯಾಕೆಂದು ಇವತ್ತಿಗೂ ಗೊತ್ತಿಲ್ಲ, ಸುವರ್ಣ ಮೊದಲು ಮಾಡಿದ ಕೆಲಸ ಏಣಿಯನ್ನು ಅಟ್ಟಕ್ಕೆ ಚಾಚಿ ನಿಲ್ಲಿಸಿದ್ದು. ಕಾಲು ಜಾರಿತು ಎಂದರು ಎಲ್ಲರೂ. ಮಗುವಿಗೆ ತಾಯಿ ಬೇಕೆಂದು ಮರುವರ್ಷ ಸುವರ್ಣಳನ್ನೇ ಮದುವೆ ಮಾಡಿ ಈ ಮನೆಗೆ ತಂದರು.

ಸುವರ್ಣಮ್ಮ ಇಯರ್‌ಫೋನು ತೆಗೆದು, ವೈರನ್ನು ಸುತ್ತಿ ಮೇಜಿನ ಮೇಲಿಟ್ಟರು. ಎದುರಿಗೆ ಕೂತವಳು ಇನ್ನು ಮೇಲೆ ತಮ್ಮನ್ನು ಚಿಕ್ಕಮ್ಮ ಎನ್ನದೇ ಹೋಗಬಹುದು. ಅನ್ನದಿದ್ದರೆ ಈ ಮನೆಯಲ್ಲಿ ತಮಗೆ ಬೇರೆ ಹೆಸರಿಲ್ಲ.

"ನೀನು ಕೈ ಬಿಟ್ಟಾಗ ಏಣಿ ಅಲ್ಲೇ ಇತ್ತು ಕಂದ. ಅವಳು ಬೀಳುವಾಗ ಇರ್ಲಿಲ್ಲ. ನಾನು ಹಿತ್ಲಿಗೆ ತಗೊಂಡು ಹೋಗಿದ್ದೆ."

"ನಿಂತಿತ್ತಲ್ಲ. ನಾನೇ ನೋಡ್ದೆ."

"ನಾನೇ ತಂದಿಟ್ಟೆ."

"ಯಾವಾಗ?"

"ಅವಳು ಬಿದ್ಮೇಲೆ."

ನಯನಾ ಅವರ ಮುಖ ನೋಡಲಿಲ್ಲ. ಆಮೇಲೆ ಎದ್ದು, ದಿನವೂ ಮಾಡುವಂತೆ ಚಿಕ್ಕಮ್ಮನ ತಟ್ಟೆಯನ್ನೂ ತನ್ನದರ ಮೇಲಿಟ್ಟುಕೊಂಡು ಬಚ್ಚಲಿಗೆ ಹೋದಳು. ನೀರು ಬೀಳುವ ಸದ್ದು ಕೇಳಿತು. ಯಾವ ತಟ್ಟೆಯನ್ನೂ ಉಜ್ಜಿದ ಸದ್ದು ಬರಲಿಲ್ಲ.

ಹೊರಗೆ ಬಿಸಿಲು ಏರುತ್ತಿತ್ತು. ಸೊಪ್ಪಿನವಳು ಬೀದಿಯ ಕೊನೆಯಲ್ಲಿ ಕೂಗುತ್ತಿದ್ದಳು. ಹಿಂದಿನ ಕೋಣೆಯ ಅಟ್ಟದ ಮೇಲೆ ಟಕ್, ಟಕ್, ಟಕ್ ಎಂದಿತು.

ಬಚ್ಚಲಿನ ನೀರು ನಿಂತಿತು.

ಮತ್ತೆ ಮೂರು ಸಲ.

"ಬಂದೆ ಇರಕ್ಕಾ," ಎಂದರು ಸುವರ್ಣಮ್ಮ. ಈ ಸಲ ತಡಮಾಡಲಿಲ್ಲ. ಮಂಡಿನೋವನ್ನೂ ಮರೆತು ಹಿತ್ತಿಲಿಗೆ ಹೋಗಿ, ಗೋಡೆಯ ಬುಡದಲ್ಲಿ ಮಲಗಿಸಿದ್ದ ಬಿದಿರಿನ ಏಣಿಯನ್ನು ಎತ್ತಿದರು. ಭಾರವಾಗಿತ್ತು. ಬಾಗಿಲಿಗೆ ಒಮ್ಮೆ ತಗುಲಿತು. ಏದುಸಿರು ಬಿಡುತ್ತ ಅದನ್ನು ಅಟ್ಟದ ಅಂಚಿಗೆ ಚಾಚಿ, ಬುಡವನ್ನು ಕಾಲಿನಿಂದ ಒತ್ತಿ, ಎರಡೂ ಕೈಯಿಂದ ಹಿಡಿದು ನಿಂತರು. ಮೇಲೆ ಕತ್ತಲಿತ್ತು. ಕೊಬ್ಬರಿಯ ಹಳೆಯ ವಾಸನೆ ಇತ್ತು.

ಹಿಂದಿನಿಂದ ಹೆಜ್ಜೆಯ ಸದ್ದು ಕೇಳಿತು. ಒದ್ದೆ ಕೈಯೊಂದು ಬಂದು ಏಣಿಯ ಇನ್ನೊಂದು ಬದಿಯನ್ನು ಹಿಡಿದುಕೊಂಡಿತು.

ಮೇಲಿನ ಸಡಿಲ ಮೆಟ್ಟಿಲು ಮೆಲ್ಲಗೆ ಕಿರ್ರೆಂದಿತು. ಆಮೇಲೆ, ಅದರ ಕೆಳಗಿನದು.