ಪೂರ್ತಿ ಪ್ಲಾಸ್ಟರ್

ಮೂಳೆ ಆಸ್ಪತ್ರೆಯಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಅವನು ಪ್ಲಾಸ್ಟರ್ ಮಾಮ. ಇಪ್ಪತ್ತಾರು ವರ್ಷ ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಸುತ್ತಿ ಕೈ ಪಳಗಿತ್ತು. ಅವನು ಸುತ್ತಿದ್ದು ಎಷ್ಟು ನುಣುಪಾಗಿರುತ್ತಿತ್ತೆಂದರೆ, ಬಿಚ್ಚುವ ದಿನ "ಇನ್ನೊಂದು ವಾರ ಇರಲಿ ಬಿಡಿ, ಚೆನ್ನಾಗಿದೆ" ಎಂದು ತಮಾಷೆ ಮಾಡುವವರಿದ್ದರು. ಹೊಗಳಿಕೆಗೆ ಉಬ್ಬದವರು ಯಾರಿದ್ದಾರೆ? ಅವನೂ ಉಬ್ಬಿದ್ದ.

ಅವನ ಒಂಬತ್ತು ವರ್ಷದ ಮಗಳು ಶಾಲೆಯ ಉಯ್ಯಾಲೆಯಿಂದ ಬಿದ್ದು ಮುಂಗೈ ಮೂಳೆ ಮುರಿದುಕೊಂಡಾಗ ಅದೇ ಆಸ್ಪತ್ರೆಗೆ ತಂದರು. ಡಾಕ್ಟರು ಅರಿವಳಿಕೆ ಕೊಟ್ಟು ಮೂಳೆ ಕೂರಿಸಿದರು. "ಊತ ಇಳಿಯೋ ತನಕ ಅರ್ಧ ಪ್ಲಾಸ್ಟರ್ ಸಾಕು, ಪೂರ್ತಿ ಸುತ್ತಬೇಡಿ" ಎಂದು ಹೇಳಿ ಮುಂದಿನ ಆಪರೇಷನ್ನಿಗೆ ಹೋದರು.

ಅರ್ಧ ಪ್ಲಾಸ್ಟರ್ ಎಂದರೆ ಕೈಯ ಒಂದು ಬದಿಗೆ ಮಾತ್ರ. ಊದಿಕೊಳ್ಳಲು ಜಾಗ ಇರುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದೇ? ಬೇರೆ ಯಾರದೋ ಮಗುವಾಗಿದ್ದರೆ ಹೇಳಿದಷ್ಟೇ ಮಾಡುತ್ತಿದ್ದ. ಆದರೆ ಅರ್ಧ ಪ್ಲಾಸ್ಟರ್ ಜಾರಿ, ಮೂಳೆ ಸರಿದು, ಅದನ್ನು ಮತ್ತೆ ಎಳೆಸಿ ಕೂರಿಸಿಕೊಂಡ ಮಕ್ಕಳನ್ನು ಅವನು ಕಂಡಿದ್ದ. ತನ್ನ ಕೂಸಿಗೆ ಆ ಗತಿ ಬೇಡವೆಂದು ಪೂರ್ತಿ ಸುತ್ತಿದ, ಅದೂ ಬಿಗಿಯಾಗಿ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಒಂದೇ ಅಳು.

"ಅಪ್ಪಾ, ಬೆರಳೆಲ್ಲ ಜುಮುಜುಮು ಅಂತಿದೆ. ಬಿಚ್ಚಪ್ಪಾ."

"ಮೊದಲನೇ ದಿನ ಎಲ್ಲಾ ಮಕ್ಕಳೂ ಹೀಗೇ ಹೇಳ್ತಾವೆ ಕಣಮ್ಮ. ಸುಮ್ನಿರು ನನ್ನ ಬಂಗಾರ."

"ರೀ, ಉಗುರು ನೀಲಿ ಆಗಿದೆ. ಡಾಕ್ಟ್ರಿಗೆ ತೋರಿಸೋಣ" ಎಂದಳು ಹೆಂಡತಿ.

"ನನಗೇ ಪಾಠ ಹೇಳ್ತೀಯಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ತೋರಿಸಿದರೆ ಡಾಕ್ಟರ ಮಾತು ಮೀರಿದ್ದು ಬಯಲಾಗುತ್ತದೆಂಬ ಅಳುಕೂ ಒಳಗೆ ಇತ್ತೆನ್ನಿ. ಮಧ್ಯಾಹ್ನದ ಹೊತ್ತಿಗೆ ಮಗು ಅಳು ನಿಲ್ಲಿಸಿತು. "ನೋಡಿದ್ಯಾ?" ಎಂದು ಅವನು ಹೆಂಡತಿಯ ಕಡೆ ತಿರುಗಿ ನಕ್ಕ. ಪಾಪಿ, ಆ ಹೊತ್ತಿಗೆ ಕೈಗೆ ಸ್ಪರ್ಶವೇ ಇರಲಿಲ್ಲ. ಸಂಜೆ ಹೆಂಡತಿ ಅವನನ್ನು ಒಂದು ಮಾತೂ ಕೇಳದೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

ಡಾಕ್ಟರು ಪ್ಲಾಸ್ಟರ್ ಸೀಳಿ, ಆಮೇಲೆ ಚರ್ಮವನ್ನೂ ಸೀಳಿ, ಒಳಗಿನ ಒತ್ತಡ ಇಳಿಸಿದರು. ಕೈ ಉಳಿಯಿತು. ರಕ್ತ ಹರಿಯದೆ ಸತ್ತ ಸ್ನಾಯುಗಳು ಉಳಿಯಲಿಲ್ಲ. ದಿನ ಕಳೆದಂತೆ ಐದೂ ಬೆರಳು ಒಳಕ್ಕೆ ಮಡಚಿಕೊಂಡವು. "ನಿಮಗೆ ಹೇಳಿದ್ದೆನಲ್ಲ" ಎಂದರು ಡಾಕ್ಟರು, ಅಷ್ಟೇ. ನಾಲ್ಕು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈಗ ದಿನಾ ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ಆ ಕೈ ಅದ್ದಿಸಿ, ಒಂದೊಂದೇ ಬೆರಳನ್ನು ಬಿಡಿಸಿ ಹಿಡಿಯುವುದು ಅವನದೇ ಕೆಲಸ. ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಸ್ಪರ್ಶ ತುಸು ಮರಳಿದೆ, ಜೊತೆಗೆ ನೋವೂ.

ಒಂದು ದಿನ ಅವಳು ತುಟಿ ಕಚ್ಚಿಕೊಂಡು ಕೂತಿದ್ದಳು. ಕಣ್ಣ ತುಂಬ ನೀರು, ಬಾಯಲ್ಲಿ ಸದ್ದಿಲ್ಲ.

"ನೋವಾದ್ರೆ ಹೇಳು ಮಗಳೇ, ನಿಲ್ಲಿಸ್ತೀನಿ."

ಅವಳು ಅವನ ಮುಖ ನೋಡಿದಳು. ಸಿಟ್ಟು, ಮುನಿಸು ಏನೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವವಳ ಹಾಗೆ ಕೇಳಿದಳು: "ಹೇಳಿದ್ರೆ ನಂಬ್ತೀಯಾಪ್ಪಾ?"

ಅವನು ಹಿಡಿದಿದ್ದ ಬೆರಳನ್ನು ಮೆಲ್ಲಗೆ ಬಿಟ್ಟ. ಅವಳು ಮಡಚಿದ ಕೈಯನ್ನು ತಾನಾಗಿಯೇ ಮತ್ತೆ ಅವನ ಕೈಯೊಳಗೆ ಇಟ್ಟಳು.